ಕ್ರೆಡಿಟ್ ಕಾರ್ಡ್ ಬಾಕಿಗೆ ವಾಟ್ಸಾಪಲ್ಲಿ ಆರ್ಬಿಟ್ರೇಷನ್ ನೋಟಿಸ್ ಬಂದಿದೆ. ಇದು ನಿಜವಾ? ಹೋಗಬೇಕಾ?

ತುಮಕೂರು_ಟೂಲ್‌ರೂಮ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

2022ರ ನವೆಂಬರ್‌ನಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್‌ಗೆ ಕೈಯಲ್ಲಿ ದುಡ್ಡಿರಲಿಲ್ಲ, ಕಾರ್ಡ್ ಉಜ್ಜಿದೆ. ಆಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಬರೀ ಮಿನಿಮಮ್ ಡ್ಯೂ ಕಟ್ಟಿಕೊಂಡು ಬಂದೆ. ಅಸಲು ಕರಗಲೇ ಇಲ್ಲ ಅಂತ ಗೊತ್ತಾಗುವಷ್ಟರಲ್ಲಿ ಪೀಣ್ಯದಲ್ಲಿ ನಾನಿದ್ದ ವರ್ಕ್‌ಶಾಪ್ ಮುಚ್ಚಿತು. ಕೊನೆಯದಾಗಿ ಕಟ್ಟಿದ್ದು 2023ರ ಅಕ್ಟೋಬರ್. ಆಗ ಬಾಕಿ 1,38,000. ಈಗ ತುಮಕೂರಲ್ಲೇ ಸಣ್ಣ ಕೆಲಸ, ಸಂಬಳ 22 ಸಾವಿರ.

ಹೋದ ವಾರ ಗೊತ್ತಿಲ್ಲದ ನಂಬರಿಂದ ವಾಟ್ಸಾಪಲ್ಲಿ ಒಂದು ಪಿಡಿಎಫ್ ಬಂತು, ಮಾರನೇ ದಿನ ಅದೇ ಇಮೇಲಲ್ಲೂ ಬಂತು. 61 ಪುಟ. ಮೊದಲ ಪುಟದಲ್ಲಿ ‘ನಿಮ್ಮ ಕಾರ್ಡ್ ಒಪ್ಪಂದದ ಪ್ರಕಾರ ವಿವಾದವನ್ನು ಏಕ ಆರ್ಬಿಟ್ರೇಟರ್‌ಗೆ ಒಪ್ಪಿಸಲಾಗಿದೆ’ ಅಂತ ಇದೆ. ಚೆನ್ನೈನ ಒಬ್ಬ ವಕೀಲರ ಹೆಸರಿದೆ. ಹಿಯರಿಂಗ್ ವಿಡಿಯೋ ಲಿಂಕಲ್ಲಿ, ಇನ್ನು ಹದಿನೆಂಟು ದಿನಕ್ಕೆ. ಬ್ಯಾಂಕ್ ಕೇಳುತ್ತಿರುವುದು 2025ರ ಡಿಸೆಂಬರ್‌ವರೆಗೆ 3,27,460 ರೂಪಾಯಿ, ಅದರ ಮೇಲೆ ತೀರುವ ತನಕ ವರ್ಷಕ್ಕೆ 24% ಬಡ್ಡಿ.

ಇದು ಕೋರ್ಟಾ? ಕೋರ್ಟ್ ಅಲ್ಲದಿದ್ದರೆ ಇವರ ಮಾತು ನಾನು ಯಾಕೆ ಕೇಳಬೇಕು? ನಾನು ಯಾವಾಗ ಒಪ್ಪಿಕೊಂಡೆ ಅಂತಲೇ ನೆನಪಿಲ್ಲ. ವಕೀಲರನ್ನ ಇಡೋಕೆ ದುಡ್ಡಿಲ್ಲ. ಮನೆಯವಳು ‘ಪೊಲೀಸ್ ಬರ್ತಾರಾ’ ಅಂತ ಎರಡು ರಾತ್ರಿ ಮಲಗಿಲ್ಲ. ಸಾಲ ಮಾಡಿದ್ದೇನೆ, ಇಲ್ಲ ಅನ್ನಲ್ಲ. ಆದರೆ ಮೂರೂಕಾಲು ಲಕ್ಷ ನನ್ನ ಕೈಲಿ ಆಗದ ಮಾತು.

ಸುಮ್ನೆ_ಓದ್ತೀನಿ

ಬ್ರೋ, ಟೆನ್ಷನ್ ಬಿಡಿ. ಇದೆಲ್ಲ ಹೆದರಿಸೋ ಆಟ. ವಾಟ್ಸಾಪಲ್ಲಿ ಬಂದಿದ್ದು ನೋಟಿಸೇ ಅಲ್ಲ, ನಂಬರ್ ಬ್ಲಾಕ್ ಮಾಡಿ. ನನಗೂ ಮೂರು ಸಲ ಬಂದಿದೆ, ಏನೂ ಆಗಿಲ್ಲ. ಇನ್ನೊಂದು ವಿಷಯ, ವರ್ಷಕ್ಕೆ 30%ಗಿಂತ ಜಾಸ್ತಿ ಬಡ್ಡಿ ಹಾಕೋದೇ ಅಕ್ರಮ ಅಂತ ಗ್ರಾಹಕ ಆಯೋಗದ ತೀರ್ಪಿದೆ. ಅದನ್ನ ಅವರ ಮುಖಕ್ಕೆ ಹಿಡಿಯಿರಿ, ಬಾಯಿ ಮುಚ್ಚುತ್ತಾರೆ.

ಮಂಡ್ಯ_ಮಿಡ್ಲ್‌ಕ್ಲಾಸ್

ಮೇಲಿನವರ ಮಾತು ಕೇಳಿ ನಾನು ಕೆಟ್ಟೆ. ಅವರಲ್ಲ, ಅಂಥವರೇ ಇನ್ನೊಬ್ಬರು.

2021ರಲ್ಲಿ ನನಗೂ ಇದೇ ಥರ ಮೇಲ್ ಬಂತು. ಆಫೀಸಲ್ಲಿ ಒಬ್ಬ ‘ಫೇಕ್, ಬಿಡು’ ಅಂದ, ಬಿಟ್ಟೆ. ಆಮೇಲೆ ಎರಡು ಹಿಯರಿಂಗ್ ಆಗಿದೆ, ನಾನು ಹೋಗಿಲ್ಲ. ಎಕ್ಸ್‌ಪಾರ್ಟಿ ಅವಾರ್ಡ್, ಅಂದರೆ ನಾನಿಲ್ಲದೆಯೇ ತೀರ್ಪು, ಆಗಿದೆ. ಅದು ರಿಜಿಸ್ಟರ್ ಪೋಸ್ಟಲ್ಲಿ ಹಳೇ ಬಾಡಿಗೆ ಮನೆಗೆ ಹೋಗಿ ವಾಪಸ್ ಹೋಗಿದೆ. ನನಗೆ ಗೊತ್ತಾಗಿದ್ದು ಯಾವಾಗ ಗೊತ್ತಾ? ಕಂಪನಿಯ ಎಚ್‌ಆರ್ ಕರೆದು, ಮುಂದೆ ಒಂದು ಕೋರ್ಟ್ ಆರ್ಡರ್ ಇಟ್ಟು, ‘ಈ ತಿಂಗಳಿಂದ ನಿಮ್ಮ ಸಂಬಳದಲ್ಲಿ ಹಿಡಿಯಬೇಕು’ ಅಂದಾಗ. ಪಕ್ಕದ ಮೇಜಲ್ಲಿದ್ದ ಹುಡುಗಿ ತಲೆ ತಗ್ಗಿಸಿ ಕೀಬೋರ್ಡ್ ಒತ್ತುತ್ತಿದ್ದಳು, ಸ್ಕ್ರೀನ್ ಆಫ್ ಆಗಿತ್ತು. ಅದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಪ್ರಕಾರ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಮುಟ್ಟುವ ಹಾಗಿಲ್ಲ. ನನ್ನದು ಆಗ 28 ಸಾವಿರ. ಲೆಕ್ಕ ಹಾಕಿ: ತಿಂಗಳಿಗೆ 9 ಸಾವಿರ ಹೋಯಿತು. ಪಿಎಫ್ ಮುಟ್ಟಲ್ಲ, ಒಂದೇ ಸಾಲಕ್ಕೆ ಒಟ್ಟು 24 ತಿಂಗಳು ಹಿಡಿದ ಮೇಲೆ ಸಂಬಳದ ಜಪ್ತಿ ನಿಲ್ಲಬೇಕು ಅಂತೆಲ್ಲ ಇದೆ. ಆದರೆ ಆ 24 ತಿಂಗಳು ಬದುಕೋದು ಇದೆಯಲ್ಲ.

ಹೋಗಿ ಸಾರ್. ವಿಡಿಯೋದಲ್ಲಿ ಕೂತು ‘ಇದು ನನಗೆ ಒಪ್ಪಿಗೆ ಇಲ್ಲ’ ಅಂತ ಹೇಳೋಕೆ ಬಸ್ ಚಾರ್ಜೂ ಖರ್ಚಾಗಲ್ಲ.

ಕರಿಕೋಟು_ಮೈಸೂರು

ನಾನು ವಕೀಲ, ಆದರೆ ನಿಮ್ಮ ವಕೀಲ ಅಲ್ಲ. ನಿಮ್ಮ 61 ಪುಟ ನೋಡದೆ ಬರೆಯುತ್ತಿದ್ದೇನೆ, ಅಷ್ಟು ಗಮನದಲ್ಲಿಟ್ಟುಕೊಳ್ಳಿ.

ಮೊದಲು ಮನೆಯವರಿಗೆ ಹೇಳಿ, ಪೊಲೀಸ್ ಬರಲ್ಲ. ಕಾರ್ಡ್ ಬಾಕಿ ಕಟ್ಟಲಾಗದೆ ಹೋಗುವುದು ಸಿವಿಲ್ ವಿಷಯ. ಮೋಸ ಮಾಡುವ ಉದ್ದೇಶದಿಂದಲೇ ಸುಳ್ಳು ದಾಖಲೆ ಕೊಟ್ಟು ಕಾರ್ಡ್ ತಗೊಂಡಿದ್ದರೆ ಬೇರೆ ಮಾತು, ನಿಮ್ಮದು ಅದಲ್ಲ. ದುಡ್ಡೇ ಇಲ್ಲದವರನ್ನು ಸಾಲಕ್ಕೆ ಜೈಲಿಗೆ ಹಾಕುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ರಿಕವರಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಹೇಳಿದೆ. ಮಾಡಿದರೆ ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಇನ್ನು ಇದು ಕೋರ್ಟಾ ಅಂದರೆ, ಅಲ್ಲ. ಆದರೆ ‘ಕೋರ್ಟ್ ಅಲ್ಲ, ಹಾಗಾಗಿ ಏನೂ ಅಲ್ಲ’ ಅನ್ನುವುದು ತಪ್ಪು. ಕನ್ನಡ ಪತ್ರಿಕೆಗಳು ಮೀಡಿಯೇಷನ್‌ಗೂ ಆರ್ಬಿಟ್ರೇಷನ್‌ಗೂ ಎರಡಕ್ಕೂ ‘ಮಧ್ಯಸ್ಥಿಕೆ’ ಅಂತಲೇ ಬರೆದು ಜನರ ತಲೆ ಕೆಡಿಸಿವೆ. ಮೀಡಿಯೇಷನ್‌ನಲ್ಲಿ ಕೂತವರು ಇಬ್ಬರಿಗೂ ರಾಜಿ ಮಾಡಿಸಲು ನೋಡುತ್ತಾರೆ, ನೀವು ಒಪ್ಪದಿದ್ದರೆ ಎದ್ದು ಬರಬಹುದು. ಆರ್ಬಿಟ್ರೇಟರ್ ಹಾಗಲ್ಲ, ಅವರು ತೀರ್ಪು ಕೊಡುತ್ತಾರೆ. ಅದರ ಹೆಸರು ಅವಾರ್ಡ್. 1996ರ ಆರ್ಬಿಟ್ರೇಷನ್ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಆ ಅವಾರ್ಡನ್ನು ಕೋರ್ಟ್ ಡಿಕ್ರಿಯ (ಕೋರ್ಟ್ ಕೊಡುವ ಅಂತಿಮ ಆದೇಶದ) ಹಾಗೇ ಅಮಲ್ಜಾರಿ ಮಾಡಬಹುದು. ಅವಾರ್ಡ್ ಚೆನ್ನೈಯಲ್ಲಾದರೂ ನಿಮ್ಮ ಸಂಬಳ, ಆಸ್ತಿ ತುಮಕೂರಲ್ಲಿದ್ದರೆ ನೇರವಾಗಿ ತುಮಕೂರು ಕೋರ್ಟಲ್ಲೇ ಅರ್ಜಿ ಹಾಕಬಹುದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಂಡ್ಯದವರಿಗೆ ಆಗಿದ್ದು ಇದೇ.

ನೀವು ಯಾವಾಗ ಒಪ್ಪಿದಿರಿ? ಕಾರ್ಡ್ ತಗೊಳ್ಳುವಾಗ ‘ನಿಬಂಧನೆಗಳಿಗೆ ಒಪ್ಪಿದ್ದೇನೆ’ ಅಂತ ಟಿಕ್ ಹಾಕಿದ್ದೀರಲ್ಲ, ಅದರೊಳಗೆ ಈ ಕಲಮು ಇರುತ್ತದೆ. ಯಾರೂ ಓದಲ್ಲ. ನಾನೂ ಓದಿರಲಿಲ್ಲ, ವಕೀಲನಾಗಿಯೂ.

ಈಗ ನಿಮ್ಮ ಕೈಲಿರುವ ದೊಡ್ಡ ಅಸ್ತ್ರ. ಆರ್ಬಿಟ್ರೇಟರ್ ಹೆಸರನ್ನು ಯಾರು ಆರಿಸಿದ್ದು? ನಿಮ್ಮನ್ನು ಕೇಳದೆ ಬ್ಯಾಂಕೇ ಆರಿಸಿದ್ದರೆ ಆ ನೇಮಕವೇ ಅಲುಗಾಡುತ್ತದೆ. ಫಲಿತಾಂಶದಲ್ಲಿ ಆಸಕ್ತಿ ಇರುವ ಕಡೆಯವರು ತಾವೊಬ್ಬರೇ ಏಕ ಆರ್ಬಿಟ್ರೇಟರನ್ನು ಆರಿಸುವ ಹಾಗಿಲ್ಲ ಅಂತ 2019ರ ನವೆಂಬರ್‌ನಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರ ನವೆಂಬರ್ 8ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವೂ ಇಂಥ ಏಕಪಕ್ಷೀಯ ನೇಮಕದ ಕಲಮು ಸಮಾನತೆಗೆ ವಿರುದ್ಧ ಅಂದಿತು. ನಮ್ಮ ಹಳ್ಳಿ ಪಂಚಾಯ್ತಿ ಕಟ್ಟೆಯಲ್ಲೂ ಎದುರಾಳಿಯ ಭಾವಮೈದುನನನ್ನು ಪಂಚ ಅಂತ ಕೂರಿಸಿದರೆ ಜನ ಸುಮ್ನೆ ಇರ್ತಾರಾ? ಅಷ್ಟೇ ವಿಷಯ.

ಆದರೆ ಇದನ್ನು ಬರವಣಿಗೆಯಲ್ಲಿ ಹೇಳಬೇಕು, ಬೇಗ ಹೇಳಬೇಕು. 16ನೇ ಸೆಕ್ಷನ್ ಪ್ರಕಾರ ‘ನಿಮಗೆ ಅಧಿಕಾರ ಇಲ್ಲ’ ಅನ್ನುವ ತಕರಾರನ್ನು ನಿಮ್ಮ ಉತ್ತರ ಸಲ್ಲಿಸುವ ಹೊತ್ತಿಗಾದರೂ ಎತ್ತಿರಬೇಕು. ಆರ್ಬಿಟ್ರೇಟರ್ ನಿಷ್ಪಕ್ಷಪಾತದ ಬಗ್ಗೆ ಅನುಮಾನ ಇದ್ದರೆ ಗೊತ್ತಾದ 15 ದಿನದೊಳಗೆ ಹೇಳಬೇಕು, ಅದು 13ನೇ ಸೆಕ್ಷನ್. ಹಿಯರಿಂಗ್‌ಗೆ 18 ದಿನ ಇದೆ ಅಂತ ಕೂರಬೇಡಿ. ಇವತ್ತೇ ಒಂದು ಇಮೇಲ್ ಹಾಕಿ, ಆರ್ಬಿಟ್ರೇಟರ್‌ಗೂ ಬ್ಯಾಂಕಿಗೂ ಇಬ್ಬರಿಗೂ. ನಾಲ್ಕೇ ಸಾಲು ಸಾಕು: ಈ ನೇಮಕಕ್ಕೆ ನನ್ನ ಒಪ್ಪಿಗೆ ಪಡೆದಿಲ್ಲ, ನಾನು ಒಪ್ಪಿಲ್ಲ, ಲಿಖಿತವಾಗಿ ಬಿಟ್ಟುಕೊಟ್ಟೂ ಇಲ್ಲ. ಈ ಬ್ಯಾಂಕಿನ ಎಷ್ಟು ಕೇಸು ನೀವು ನೋಡಿದ್ದೀರಿ ಅಂತ 12ನೇ ಸೆಕ್ಷನ್ ಪ್ರಕಾರ ತಿಳಿಸಿ. ತಿಂಗಳುವಾರು ಸ್ಟೇಟ್‌ಮೆಂಟ್ ಪೂರ್ತಿ ಕೊಡಿಸಿ. ಈ ತಕರಾರು ಉಳಿಸಿಕೊಂಡೇ ಹಿಯರಿಂಗ್‌ಗೆ ಬರುತ್ತೇನೆ.

ಆ ಕೊನೆಯ ಸಾಲು ಬಿಡಬೇಡಿ. ಬ್ಯಾಂಕಿನವರು ‘ಬಂದು ಕೂತರಲ್ಲ, ಒಪ್ಪಿದ ಹಾಗೆ’ ಅನ್ನುತ್ತಾರೆ. ಹಾಗಾಗಲ್ಲ. 12(5)ನೇ ಸೆಕ್ಷನ್ ಪ್ರಕಾರ ಒಂದು ಕಡೆಯವರಿಗೆ ಹತ್ತಿರದವರು ಆರ್ಬಿಟ್ರೇಟರ್ ಆಗುವ ಹಾಗಿಲ್ಲ. ಆ ಅನರ್ಹತೆಯ ತಕರಾರನ್ನು ಬಿಟ್ಟುಕೊಡಲು ವಿವಾದ ಶುರುವಾದ ಮೇಲೆ ಸ್ಪಷ್ಟವಾದ ಲಿಖಿತ ಒಪ್ಪಿಗೆ ಬೇಕು. ಅವರು ಆನ್‌ಲೈನಲ್ಲಿ ‘ಸಮ್ಮತಿ’ ಅಂತ ಒಂದು ಬಟನ್ ಕೊಟ್ಟಿದ್ದರೆ ಓದದೆ ಒತ್ತಬೇಡಿ, ಅಲ್ಲೇ ಸಿಕ್ಕಿಹಾಕಿಕೊಳ್ಳೋದು.

ಒಂದು ಸೂಕ್ಷ್ಮ ಇದೆ. ಈಗ ಕೆಲವು ಬ್ಯಾಂಕುಗಳು ತಾವೇ ಹೆಸರು ಹಾಕದೆ ಒಂದು ಆನ್‌ಲೈನ್ ಸಂಸ್ಥೆಯ ಕೈಲಿ ಹಾಕಿಸುತ್ತವೆ. ಆಗ ನಿಮ್ಮ ವಾದ ಸ್ವಲ್ಪ ಕಷ್ಟ. ಆದರೂ ಆ ಸಂಸ್ಥೆಯನ್ನು ಆರಿಸಿದ್ದು ಯಾರು ಅಂತ ಕೇಳುವ ಹಕ್ಕು ನಿಮಗಿದೆ.

ಸುಮ್ನೆ_ಓದ್ತೀನಿ ಅವರೇ, ನೀವು ಹೇಳಿದ 30% ತೀರ್ಪು ರಾಷ್ಟ್ರೀಯ ಗ್ರಾಹಕ ಆಯೋಗದ್ದು, 2008ರದ್ದು. ಅದನ್ನ 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅದನ್ನ ಮುಖಕ್ಕೆ ಹಿಡಿಯಲು ಹೋದರೆ ಬಾಯಿ ಮುಚ್ಚಬೇಕಾಗೋದು ಇವರು.

ತುಮಕೂರು_ಟೂಲ್‌ರೂಮ್

ವಕೀಲ ಸಾರ್, ತುಂಬ ಉಪಕಾರ ಆಯ್ತು. ಮನೆಯವಳಿಗೆ ಪೊಲೀಸ್ ವಿಷಯ ಓದಿ ಹೇಳಿದೆ, ಇವತ್ತು ಊಟ ಮಾಡಿದಳು.

ಎರಡು ಸಣ್ಣ ಪ್ರಶ್ನೆ. ಒಂದು, ನೇಮಕವೇ ತಪ್ಪು ಅಂತಾದರೆ ಸಾಲ ಹೋಗುತ್ತಾ? ಎರಡು, ನನಗೆ ಇಂಗ್ಲಿಷ್ ಓದೋಕೆ ಬರುತ್ತೆ, ಎದುರಿಗೆ ಕೂತು ಮಾತಾಡೋಕೆ ಬಾಯಿ ತೊದಲುತ್ತೆ. ಕನ್ನಡದಲ್ಲಿ ಮಾತಾಡಬಹುದಾ?

ಕರಿಕೋಟು_ಮೈಸೂರು

ಸಾಲ ಎಲ್ಲೂ ಹೋಗಲ್ಲ. ನೇಮಕ ಬಿದ್ದರೆ ಬ್ಯಾಂಕ್ ಮತ್ತೆ ಸರಿಯಾದ ದಾರಿಯಲ್ಲಿ ಬರಬಹುದು. ನೀವು ಒಪ್ಪದಿದ್ದರೆ 11ನೇ ಸೆಕ್ಷನ್‌ನಲ್ಲಿ ಹೈಕೋರ್ಟಿಗೆ ಹೋಗಿ ಬೇರೆ ಆರ್ಬಿಟ್ರೇಟರನ್ನ ಹಾಕಿಸಬಹುದು, ಅಥವಾ ಎಲ್ಲ ಬಿಟ್ಟು ಸಿವಿಲ್ ದಾವೆ ಹೂಡಬಹುದು. ಎರಡಕ್ಕೂ ಅವರಿಗೆ ಖರ್ಚು, ಕಾಲ. ಅಲ್ಲಿ ನಿಮಗೆ ಮಾತಾಡಲು ಜಾಗ ಸಿಗುತ್ತದೆ, ಅಷ್ಟೇ ಲಾಭ. ಮೂರು ವರ್ಷದ ಕಾಲಮಿತಿ ಇದಕ್ಕೂ ಅನ್ವಯ. ನೀವು ಕೊನೆಯದಾಗಿ ಕಟ್ಟಿದ್ದು 2023ರ ಅಕ್ಟೋಬರ್, ಹಾಗಾಗಿ ಬ್ಯಾಂಕ್ ಇನ್ನೂ ಅವಧಿಯೊಳಗೇ ಇದೆ. ಅದನ್ನ ನೆಚ್ಚಿಕೊಳ್ಳಬೇಡಿ.

ಭಾಷೆ ಇಬ್ಬರೂ ಒಪ್ಪಿದ್ದು ಆಗಬಹುದು. ಒಪ್ಪಂದದಲ್ಲಿ ಏನೂ ಬರೆದಿಲ್ಲದಿದ್ದರೆ ಆರ್ಬಿಟ್ರೇಟರ್ ತೀರ್ಮಾನಿಸುತ್ತಾರೆ. ಕಾರ್ಡ್ ಒಪ್ಪಂದದಲ್ಲಿ ಇಂಗ್ಲಿಷ್ ಅಂತಲೇ ಇರಬಹುದು. ಆದರೂ ಕೇಳಿ, ಇಲ್ಲವೇ ಜೊತೆಗೆ ಯಾರನ್ನಾದರೂ ಕೂರಿಸಿಕೊಳ್ಳಲು ಅನುಮತಿ ಕೇಳಿ. ಹೇಗೂ ತೂಕ ಇರುವುದು ಬರೆದು ಕೊಟ್ಟ ಕಾಗದಕ್ಕೆ.

ಹೋಗಬೇಕಾ ಅಂತ ಮೊದಲೇ ಕೇಳಿದ್ದಿರಿ, ಹೋಗದೆ ಇದ್ದರೆ ಏನಾಗುತ್ತದೆ ಹೇಳುತ್ತೇನೆ. ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ನೀವು ಬಾರದಿದ್ದರೆ ಸಾಲ ಒಪ್ಪಿಕೊಂಡ ಹಾಗೆ ಅಂತೇನೂ ಅಲ್ಲ. ಆದರೆ ಬ್ಯಾಂಕ್ ಕೊಟ್ಟ ಕಾಗದ ಒಂದೇ ಮೇಜಿನ ಮೇಲಿರುತ್ತದೆ, ಅದನ್ನು ನೋಡಿ ಬರೆಯುತ್ತಾರೆ. ಆಮೇಲೆ 34ನೇ ಸೆಕ್ಷನ್‌ನಲ್ಲಿ ಪ್ರಶ್ನಿಸಲು ಸಹಿ ಮಾಡಿದ ಪ್ರತಿ ಕೈಗೆ ಬಂದ ದಿನದಿಂದ ಮೂರು ತಿಂಗಳು, ಸಕಾರಣ ಇದ್ದರೆ ಇನ್ನು 30 ದಿನ. ಅದಾದ ಮೇಲೆ ಒಂದು ದಿನವೂ ಇಲ್ಲ. ಅರ್ಜಿ ಹಾಕಿದ ಮಾತ್ರಕ್ಕೆ ತಡೆಯೂ ಸಿಗಲ್ಲ, 2015ರ ತಿದ್ದುಪಡಿಯ ನಂತರ ಅದನ್ನ ಬೇರೆಯಾಗಿ ಕೇಳಬೇಕು. ಮತ್ತೆ ಆರ್ಬಿಟ್ರೇಷನ್‌ನ ಸ್ಥಾನ ಚೆನ್ನೈ ಅಂತಿದ್ದರೆ ಆ ಅರ್ಜಿ ಚೆನ್ನೈಯಲ್ಲೇ ಹಾಕಬೇಕು. ತುಮಕೂರಿಂದ ಹೋಗಿಬರೋ ರೈಲಿನ ಖರ್ಚು, ಅಲ್ಲಿನ ವಕೀಲರ ಫೀ ಲೆಕ್ಕ ಹಾಕಿ. ಅದಕ್ಕೇ ಈಗಲೇ ಬಾಯಿ ಬಿಡಿ ಅಂದಿದ್ದು.

ಹಳೇ_ಕಲೆಕ್ಷನ್

ಹೆಸರು ಹೇಳಲ್ಲ. ಒಂದು ಕಡೆ ಆರು ವರ್ಷ ಕಾರ್ಡ್ ರಿಕವರಿಯಲ್ಲಿದ್ದೆ, ಈಗ ಬಿಟ್ಟಿದ್ದೇನೆ. ಒಳಗಿನಿಂದ ಇದು ಹೇಗೆ ಕಾಣುತ್ತೆ ಹೇಳುತ್ತೇನೆ.

ಒಂದೊಂದು ಕಾರ್ಡ್ ಬಾಕಿಗೂ ದಾವೆ ಹೂಡಿದರೆ ಕೋರ್ಟ್ ಫೀ ಬಾಕಿ ಮೊತ್ತದ ಮೇಲೆ ಕಟ್ಟಬೇಕು, ವಕೀಲರು ಊರೂರಿಗೆ ಓಡಬೇಕು, ವರ್ಷಗಟ್ಟಲೆ ಕಾಯಬೇಕು. ಆರ್ಬಿಟ್ರೇಷನ್‌ನಲ್ಲಿ ಒಂದೇ ಮಾದರಿ ಕಾಗದದಲ್ಲಿ ಹೆಸರು, ಮೊತ್ತ ಬದಲಾಯಿಸಿ ಮುನ್ನೂರು ನಾನೂರು ಕೇಸು ಒಟ್ಟಿಗೆ ಹಾಕುತ್ತಿದ್ದೆವು. ಹೆಚ್ಚಿನವರು ಬರಲ್ಲ ಅನ್ನೋದೇ ನಮ್ಮ ಲೆಕ್ಕ. ಬಂದು, ಸ್ಟೇಟ್‌ಮೆಂಟ್ ಕೊಡಿ ಅಂತ ಕೇಳಿದವರ ಫೈಲನ್ನ ನಮ್ಮ ಮ್ಯಾನೇಜರ್ ಪಕ್ಕಕ್ಕೆ ಇಡ್ತಿದ್ದರು, ‘ಇವರ ಹತ್ರ ಸೆಟ್ಲ್ ಮಾಡ್ಕೊಳ್ಳಿ’ ಅಂತ. ಸತ್ಯವಾಗಿ ಹೇಳ್ತೀನಿ, ಹಾಗೆ ಕೇಳಿದವರು ನೂರಕ್ಕೆ ಐದು ಜನವೂ ಇರ್ತಿರಲಿಲ್ಲ.

ನಿಮ್ಮ ಲೆಕ್ಕ ನೋಡೋಣ. ನಿಮ್ಮ ಕಾರ್ಡಿನ ಬಡ್ಡಿ ದರ ನೀವು ಬರೆದಿಲ್ಲ, ತಿಂಗಳಿಗೆ 3.6% ಅಂತ ಇಟ್ಟುಕೊಳ್ಳೋಣ, ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. 1,38,000ಕ್ಕೆ ಅದು 4,968. ಅದರ ಮೇಲೆ 18% ಜಿಎಸ್‌ಟಿ 894. ಒಟ್ಟು 5,862. ಅಕ್ಟೋಬರಿಂದ ಡಿಸೆಂಬರ್‌ವರೆಗೆ 26 ತಿಂಗಳು, 1,52,412. ಅಸಲಿಗೆ ಸೇರಿಸಿದರೆ 2,90,412. ಅವರು ಕೇಳಿರುವುದು 3,27,460. ಮಧ್ಯೆ 37 ಸಾವಿರ ಚಿಲ್ಲರೆ ಇದೆಯಲ್ಲ, ಅದರಲ್ಲಿ ಏನೇನಿದೆ ಅಂತ ಕೇಳಿ. ಲೇಟ್ ಫೀ ಇರುತ್ತೆ, ಓವರ್‌ಲಿಮಿಟ್ ಫೀ ಇರಬಹುದು, ವಾರ್ಷಿಕ ಶುಲ್ಕ, ನೀವು ಕೇಳದ ಇನ್ಶೂರೆನ್ಸೂ ಇರಬಹುದು. ರಿಸರ್ವ್ ಬ್ಯಾಂಕಿನ 2022ರ ಕಾರ್ಡ್ ನಿರ್ದೇಶನದಲ್ಲಿ ಮೂರು ಮಾತು ನೆನಪಿಟ್ಟುಕೊಳ್ಳಿ. ಕಟ್ಟದ ಫೀ, ತೆರಿಗೆಗಳನ್ನ ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವ ಹಾಗಿಲ್ಲ. ಲೇಟ್ ಫೀ ಹಾಕುವುದು ಗಡುವು ದಾಟಿದ ಮೇಲೆ ಉಳಿದ ಬಾಕಿಯ ಮೇಲೆ ಮಾತ್ರ. ಲಿಮಿಟ್ ದಾಟಿಸಿ ಖರ್ಚು ಮಾಡಲು ನಿಮ್ಮ ಸ್ಪಷ್ಟ ಒಪ್ಪಿಗೆ ಬೇಕು. ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಒಂದೊಂದು ಸಾಲಿಗೆ ಗುರುತು ಹಾಕಿ. ಖರೀದಿಗೆ ಒಂದು ಬಣ್ಣ, ಬಡ್ಡಿಗೆ ಒಂದು, ಫೀಗೆ ಒಂದು. ಕೊನೆಗೆ ನೋಡಿದರೆ ನೀವು ನಿಜಕ್ಕೂ ಖರ್ಚು ಮಾಡಿದ್ದು ಒಂದು ಪುಟದಲ್ಲಿ ಮುಗಿದಿರುತ್ತದೆ.

ಸೆಟ್ಲ್‌ಮೆಂಟಿಗೆ ಬಂದರೆ, ಫೋನಲ್ಲಿ ಹೇಳಿದ ಮೊತ್ತಕ್ಕೆ ಬೆಲೆ ಇಲ್ಲ. ಬ್ಯಾಂಕಿನ ಲೆಟರ್‌ಹೆಡ್ಡಲ್ಲಿ ಪತ್ರ ಬರಬೇಕು. ಕಾರ್ಡಿನ ಕೊನೆಯ ನಾಲ್ಕು ಅಂಕಿ, ಮೊತ್ತ, ಕಟ್ಟಬೇಕಾದ ದಿನ, ಕಟ್ಟಿದ ಮೇಲೆ ಕ್ಲೇಮ್ ವಾಪಸ್ ತಗೊಳ್ಳುತ್ತೇವೆ ಅನ್ನುವ ಮಾತು, ಇಷ್ಟೂ ಅದರಲ್ಲಿ ಇರಬೇಕು. ದುಡ್ಡು ಕಾರ್ಡ್ ಅಕೌಂಟಿಗೇ ಹಾಕಿ. ಏಜೆಂಟನ ಯುಪಿಐಗೆ ಒಂದು ರೂಪಾಯಿಯೂ ಬೇಡ, ಎಷ್ಟೇ ಅಣ್ಣಾ ತಮ್ಮಾ ಅಂದರೂ. ಮುಂದಿನ ದಿನಾಂಕದ ಚೆಕ್ ಕೇಳುತ್ತಾರೆ, ಕೊಡಬೇಡಿ. ಈಗ ಇರುವುದು ಸಿವಿಲ್ ಬಾಕಿ. ಚೆಕ್ ಬೌನ್ಸ್ ಆದರೆ 138ನೇ ಸೆಕ್ಷನ್ನಿನ ಚೆಕ್ ಬೌನ್ಸ್ ಕೇಸ್ ಆಗುತ್ತದೆ, ಅದು ಕ್ರಿಮಿನಲ್. ನಾವೇ ಹಾಗೆ ಎಷ್ಟೋ ಜನರನ್ನ ಸಿಕ್ಕಿಸಿದ್ದೇವೆ, ಅದನ್ನ ಈಗ ಹೇಳೋಕೆ ನಾಚಿಕೆ ಆಗುತ್ತೆ.

ಸಿಬಿಲ್‌ನಲ್ಲಿ, ಅಂದರೆ ನಿಮ್ಮ ಸಾಲದ ಇತಿಹಾಸದ ದಾಖಲೆಯಲ್ಲಿ, ‘ಸೆಟ್ಲ್ಡ್’ (ರಾಜಿಯಲ್ಲಿ ಮುಗಿದದ್ದು) ಅಂತ ಬರುತ್ತದೆ, ‘ಕ್ಲೋಸ್ಡ್’ (ಪೂರ್ತಿ ತೀರಿದ್ದು) ಅಂತ ಅಲ್ಲ. ಮುಂದೆ ಮನೆ ಸಾಲ ಕೇಳುವಾಗ ಅದು ಕಾಡುತ್ತದೆ. ಇದು ಗೊತ್ತಿದ್ದೇ ಸಹಿ ಮಾಡಿ.

ಎಡಿಸನ್_ಮಲೆನಾಡು

ನ್ಯೂಜೆರ್ಸಿಯಿಂದ. ಇಲ್ಲೂ ಇದೇ ಕಥೆ ಆಗಿ ಹೋಗಿದೆ, ಅದಕ್ಕೆ ಬರೆಯುತ್ತಿದ್ದೇನೆ. ನ್ಯಾಷನಲ್ ಆರ್ಬಿಟ್ರೇಷನ್ ಫೋರಮ್ ಅಂತ ಒಂದು ಸಂಸ್ಥೆ ಇತ್ತು, ಕಾರ್ಡ್ ಬಾಕಿ ಕೇಸುಗಳನ್ನ ರಾಶಿ ರಾಶಿ ನೋಡುತ್ತಿತ್ತು. ಸಾಲ ವಸೂಲಿ ಮಾಡುವವರ ಜೊತೆಗೇ ಅದಕ್ಕೆ ಹಣದ ನಂಟಿದೆ, ಅದನ್ನ ಜನರಿಂದ ಮುಚ್ಚಿಟ್ಟಿದೆ ಅಂತ ಮಿನ್ನೆಸೋಟ ರಾಜ್ಯದ ಅಟಾರ್ನಿ ಜನರಲ್ ಲೋರಿ ಸ್ವಾನ್ಸನ್ 2009ರ ಜುಲೈನಲ್ಲಿ ಕೇಸ್ ಹಾಕಿದರು. ಕೆಲವೇ ದಿನದಲ್ಲಿ ಆ ಸಂಸ್ಥೆ ಗ್ರಾಹಕರ ಕೇಸು ಇನ್ನು ಮುಟ್ಟಲ್ಲ ಅಂತ ಒಪ್ಪಿಕೊಂಡು ಕೈ ತೊಳೆದುಕೊಂಡಿತು.

ನನಗೆ ಅನಿಸೋದು, ಆರ್ಬಿಟ್ರೇಷನ್ ಕೆಟ್ಟದ್ದಲ್ಲ. ಬೇಗ ಮುಗಿಯುತ್ತೆ, ಮನೆಯಿಂದಲೇ ಆಗುತ್ತೆ. ಆದರೆ ಪಂಚನಿಗೆ ಕೆಲಸ ಕೊಡೋರು ಯಾವಾಗಲೂ ಒಂದೇ ಕಡೆಯವರಾದರೆ ಅವನ ಕೈ ಎತ್ತ ವಾಲುತ್ತೆ ಹೇಳಿ.

ಸುಮ್ನೆ_ಓದ್ತೀನಿ

ಸರಿ ಸಾರ್, 30%ದು ತಪ್ಪಾಯ್ತು, ಗೊತ್ತಿರಲಿಲ್ಲ. ಆದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದಲ್ವಾ? ಫ್ರೀ ಅಂತಾರೆ. ಲೋಕ ಅದಾಲತ್ ಕೂಡ ಇದೆಯಲ್ಲ.

ಕರಿಕೋಟು_ಮೈಸೂರು

ಒಳ್ಳೇ ಪ್ರಶ್ನೆ. ಓಂಬುಡ್ಸ್‌ಮನ್ ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ. ಓಂಬುಡ್ಸ್‌ಮನ್ ಫ್ರೀ ಹೌದು. ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಬೇಕು, 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ಅಲ್ಲಿಗೆ. ಆದರೆ ಅದೇ ವಿಷಯ ಕೋರ್ಟ್ ಅಥವಾ ಆರ್ಬಿಟ್ರೇಟರ್ ಮುಂದಿದ್ದರೆ ಅವರು ತಗೊಳ್ಳಲ್ಲ. ಟೂಲ್‌ರೂಮ್ ಅವರಿಗೆ ಆ ಬಾಗಿಲು ಈಗ ಅರ್ಧ ಮುಚ್ಚಿದೆ. ಇದನ್ನ ಓದುತ್ತಿರುವ ಬೇರೆಯವರು, ಇನ್ನೂ ನೋಟಿಸ್ ಬಾರದವರು, ಲೆಕ್ಕ ತಪ್ಪಿದ್ದರೆ ಈಗಲೇ ದೂರು ಕೊಟ್ಟುಬಿಡಿ.

ಗ್ರಾಹಕ ಆಯೋಗದ ದಾರಿ ಬೇರೆ. ಒಪ್ಪಂದದಲ್ಲಿ ಆರ್ಬಿಟ್ರೇಷನ್ ಕಲಮು ಇದ್ದರೂ ಗ್ರಾಹಕ ಅಲ್ಲಿಗೆ ಹೋಗಬಹುದು ಅಂತ 2018ರಲ್ಲಿ ಎಮ್ಮಾರ್ ಕೇಸಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿದಿದೆ. ಆದರೆ ಅಲ್ಲಿ ಬ್ಯಾಂಕಿನ ಸೇವೆಯಲ್ಲಿ ಕೊರತೆ ಏನು ಅಂತ ತೋರಿಸಬೇಕು. ‘ನನಗೆ ಕಟ್ಟಲು ಆಗುತ್ತಿಲ್ಲ’ ಅನ್ನುವುದು ಕೊರತೆ ಅಲ್ಲ.

ಲೋಕ ಅದಾಲತ್ ಎರಡೂ ಕಡೆಯವರು ಒಪ್ಪಿದರೆ ಮಾತ್ರ. ಫೀ ಇಲ್ಲ, ಅಲ್ಲಾದ ರಾಜಿಯ ಮೇಲೆ ಅಪೀಲೂ ಇಲ್ಲ. ಜಿಲ್ಲಾ ಕೋರ್ಟ್ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ಅಲ್ಲಿ ವಿಚಾರಿಸಿ. 15100ಗೆ ಫೋನ್ ಮಾಡಿದರೂ ಆಗುತ್ತೆ, ಆದಾಯ ಮಿತಿಯೊಳಗಿದ್ದರೆ ವಕೀಲರನ್ನೂ ಉಚಿತವಾಗಿ ಕೊಡುತ್ತಾರೆ. ಒಂದು ಎಚ್ಚರಿಕೆ: ಕೆಲವು ಏಜೆಂಟರು ತಾವೇ ‘ಲೋಕ ಅದಾಲತ್ ನೋಟಿಸ್’ ಅಂತ ಪ್ರಿಂಟ್ ಮಾಡಿ ಕಳಿಸುತ್ತಾರೆ. ನಂಬರ್ ಹಿಡಿದು ಪ್ರಾಧಿಕಾರದ ಕಚೇರಿಯಲ್ಲಿ ಕೇಳಿದರೆ ಎರಡು ನಿಮಿಷಕ್ಕೆ ಗೊತ್ತಾಗುತ್ತದೆ.

ತುಮಕೂರು_ಟೂಲ್‌ರೂಮ್

ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ. ಏನಾಯ್ತು ಅಂತ ಹೇಳಲೇಬೇಕು.

ವಕೀಲ ಸಾರ್ ಹೇಳಿದ ನಾಲ್ಕು ಸಾಲು ಅವತ್ತೇ ಮೇಲ್ ಮಾಡಿದೆ. ಮನೇಲಿ ನೆಟ್‌ವರ್ಕ್ ಸರಿ ಇಲ್ಲ, ಎಸ್‌ಎಸ್ ಪುರಂನಲ್ಲಿ ಗೆಳೆಯನ ಜೆರಾಕ್ಸ್ ಅಂಗಡಿಯಲ್ಲಿ ಶೆಟರ್ ಅರ್ಧ ಎಳೆದು ಕೂತೆ. ಲಿಂಕ್ ತೆರೆದರೆ ಒಂದರ ಹಿಂದೆ ಒಂದು ಹೆಸರು ಕೂಗುತ್ತಿದ್ದಾರೆ. ನನಗಿಂತ ಮುಂಚೆ ಹದಿಮೂರು ಕೇಸು. ಅದರಲ್ಲಿ ಒಬ್ಬ ಹೆಂಗಸು ಬಿಟ್ಟರೆ ಸಾಲಗಾರರ ಕಡೆಯಿಂದ ಯಾರೂ ಇಲ್ಲ, ‘ಗೈರು, ಗೈರು’ ಅಂತ ಮುಂದೆ ಹೋಗ್ತಾ ಇದ್ದರು. ಹಳೇ_ಕಲೆಕ್ಷನ್ ಅಣ್ಣ ಹೇಳಿದ್ದು ಕಣ್ಣಾರೆ ಕಂಡೆ.

ನನ್ನ ಸರದಿ ಬಂತು. ಆರ್ಬಿಟ್ರೇಟರ್ ನನ್ನ ಮೇಲ್ ಓದಿದ್ದರು. ಬ್ಯಾಂಕಿನ ವಕೀಲರಿಗೆ ‘ನನ್ನ ನೇಮಕಕ್ಕೆ ಇವರ ಒಪ್ಪಿಗೆ ಕೇಳಿದ್ದೀರಾ’ ಅಂದರು. ಅವರು ಒಪ್ಪಂದದ ಕಲಮಿನ ನಂಬರ್ ಹೇಳಿದರು. ‘ನಾನು ಅದನ್ನ ಕೇಳಲಿಲ್ಲ’ ಅಂದರು ಆರ್ಬಿಟ್ರೇಟರ್. ನನಗೆ ಕನ್ನಡದಲ್ಲೇ ‘ನಿಧಾನ ಮಾತಾಡಿ, ನನಗೆ ಅರ್ಥ ಆಗುತ್ತೆ’ ಅಂದುಬಿಟ್ಟರು, ಹೊಸೂರು ಕಡೆಯವರಂತೆ. ನನ್ನ ತಕರಾರಿಗೆ ಬ್ಯಾಂಕ್ ಎರಡು ವಾರದಲ್ಲಿ ಉತ್ತರ ಕೊಡಬೇಕು, ಕಾರ್ಡ್ ಕೊಟ್ಟ ದಿನದಿಂದ ಸ್ಟೇಟ್‌ಮೆಂಟ್ ಕೊಡಬೇಕು ಅಂತ ಬರೆಸಿದರು. ಒಟ್ಟು ಆರು ನಿಮಿಷ. ನಾನು ಇದಕ್ಕೆ ಇಸ್ತ್ರಿ ಶರ್ಟ್ ಹಾಕ್ಕೊಂಡು ಹೋಗಿದ್ದೆ.

ಅವತ್ತೇ ಸಂಜೆ ಫೋನ್ ಬಂತು, ಏಳಕ್ಕೆ ಮುಂಚೆನೇ! 2,10,000ಕ್ಕೆ ಮುಗಿಸೋಣ ಅಂದರು. ಪತ್ರ ಕಳಿಸಿ ಅಂದೆ. ನಾಲ್ಕು ದಿನ ಬಿಟ್ಟು 1,65,000 ಅಂದರು, ಅದಕ್ಕೂ ಪತ್ರ ಕಳಿಸಿ ಅಂದೆ. ಇಷ್ಟರಲ್ಲಿ ಸ್ಟೇಟ್‌ಮೆಂಟ್ ಬಂತು. ಗೆಳೆಯನ ಮೂರು ಬಣ್ಣದ ಸ್ಕೆಚ್ ಪೆನ್ ತಗೊಂಡು ಕೂತೆ. ‘ಕಾರ್ಡ್ ಪ್ರೊಟೆಕ್ಷನ್’ ಅಂತ 2,199 ರೂಪಾಯಿ ಮೂರು ವರ್ಷ ಮೂರು ಸಲ ಹಾಕಿದ್ದಾರೆ. ನಾನು ಕೇಳೇ ಇಲ್ಲ. ಅದರ ಮೇಲೂ ಬಡ್ಡಿ ಓಡಿದೆ. ಅಪ್ಪ ಪಕ್ಕದಲ್ಲಿ ಕೂತು ‘ನನ್ನ ಸೊಂಟದ್ದು ಯಾವ ಬಣ್ಣ’ ಅಂತ ಕೇಳಿದರು. ಹಸಿರು ಅಂದೆ. ಒಂದೇ ಒಂದು ಸಾಲು ಹಸಿರು ಇತ್ತು.

ಚಿಕ್ಕಪ್ಪ 80 ಸಾವಿರ ಕೊಡ್ತೀನಿ ಅಂದಿದ್ದಾರೆ. ಉಳಿದದ್ದು ನಾಲ್ಕು ಕಂತಲ್ಲಿ ಕಟ್ಟಬಲ್ಲೆ, ಒಟ್ಟು 1,40,000ಕ್ಕೆ ಬಂದರೆ. ಅವರು ನಾಲ್ಕು ಚೆಕ್ ಕೇಳ್ತಿದ್ದಾರೆ. ಏನು ಮಾಡಲಿ?

ಕರಿಕೋಟು_ಮೈಸೂರು

ಚೆಕ್ ಬೇಡ, ಮೇಲೆ ಆಗಲೇ ಹೇಳಿದ್ದಾರೆ. ರಾಜಿ ಕುದುರಿದರೆ ಅದನ್ನ ಆರ್ಬಿಟ್ರೇಟರ್ ಮುಂದೆಯೇ ದಾಖಲು ಮಾಡಿಸಬಹುದು, 30ನೇ ಸೆಕ್ಷನ್‌ನಲ್ಲಿ ಒಪ್ಪಿತ ಅವಾರ್ಡ್ ಅಂತ ಬರುತ್ತದೆ. ಆದರೆ ಅದಾದರೆ ಅದೂ ಡಿಕ್ರಿ ಥರವೇ. ಒಂದು ಕಂತು ತಪ್ಪಿದರೂ ಪೂರ್ತಿ 3,27,460 ಮತ್ತೆ ಬರುತ್ತದೆ ಅನ್ನುವ ಸಾಲು ಅದರೊಳಗೆ ತೂರಿಸಿದ್ದಾರಾ ನೋಡಿ. ಇದ್ದರೆ ತೆಗೆಸಿ, ಇಲ್ಲದಿದ್ದರೆ ಕನಿಷ್ಠ 15 ದಿನದ ರಿಯಾಯಿತಿ ಸೇರಿಸಿ. ಇನ್ನೊಂದು, ತಕರಾರು ಬಿಟ್ಟುಕೊಡುತ್ತೇನೆ ಅನ್ನುವ ಸಹಿಯನ್ನು ಮೊತ್ತ ಬರವಣಿಗೆಯಲ್ಲಿ ಬಂದ ಮೇಲೆಯೇ ಹಾಕಿ.

ಆ 2,199ರ ಮೂರು ಸಾಲಿನ ಫೋಟೋ ಅವರಿಗೆ ಇವತ್ತೇ ಕಳಿಸಿ, ಒಪ್ಪಿಗೆ ಕೊಟ್ಟ ದಾಖಲೆ ತೋರಿಸಿ ಅಂತ. ಆಮೇಲೆ 1,40,000ದ ಮಾತು ಎತ್ತಿ.

ಮಂಡ್ಯ_ಮಿಡ್ಲ್‌ಕ್ಲಾಸ್

ಎಲ್ಲ ಕಟ್ಟಿ ಮುಗಿಸಿದ ಮೇಲೆ ನೋ ಡ್ಯೂಸ್ ಪತ್ರ (ಬಾಕಿ ಏನೂ ಇಲ್ಲ ಅನ್ನೋ ಪತ್ರ) ತಗೊಳ್ಳೋಕೆ ಮರೀಬೇಡಿ. ಸಿಬಿಲ್‌ನಲ್ಲಿ ತಿದ್ದದೆ ಇದ್ದರೆ ದೂರು ಕೊಡಿ, 30 ದಿನ ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ನಾನು ಅದನ್ನ ವಸೂಲಿ ಮಾಡಿದೆ, 1,700 ರೂಪಾಯಿ ಬಂತು. ಆ ದುಡ್ಡಲ್ಲಿ ಎಚ್‌ಆರ್ ಪಕ್ಕದ ಮೇಜಿನ ಹುಡುಗಿಗೂ ಸೇರಿಸಿ ಆಫೀಸಿಗೆಲ್ಲ ಮದ್ದೂರು ವಡೆ ತಂದಿದ್ದೆ.